ಟ್ರೈಲರಿನ ಎಸಿಗೆ ಡಕ್ಟ್ ಬೇಕಾ, ಬೇಡವಾ? ಟೆಕ್ಸಸ್ ಬೇಸಿಗೆಯಲ್ಲಿ ಎರಡನ್ನೂ ಬಳಸಿದ ಮೇಲೆ

ನಮ್ಮ ಹಳೆಯ ಟ್ರಾವೆಲ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ) 19 ಅಡಿಯದು. ಅದರ ಎಸಿಗೆ ಡಕ್ಟ್, ಅಂದರೆ ತಣ್ಣನೆ ಗಾಳಿಯನ್ನು ಕೋಣೆಗಳಿಗೆ ಒಯ್ಯುವ ಕೊಳವೆ, ಇರಲಿಲ್ಲ. ಈಗಿನದು 28 ಅಡಿ, ಡಕ್ಟ್ ಇರುವ ಎಸಿ. ಹಿಂದೆ ಮಕ್ಕಳ ಬಂಕ್ ರೂಮು, ಮುಂದೆ ಬಾಗಿಲಿರುವ ಮಲಗುವ ಕೋಣೆ. ಹಳೆಯ ಎಸಿ 13,500 ಬಿಟಿಯು (ತಣ್ಣಗಾಗಿಸುವ ಶಕ್ತಿಯ ಅಳತೆ), ಹೊಸದು 15,000. ಎರಡೂ ಚಾವಣಿಯ ಮೇಲೆ ಕೂರುವಂಥವೇ. ದಿನನಿತ್ಯ ತಿಳಿಯುವ ದೊಡ್ಡ ವ್ಯತ್ಯಾಸ ಯಂತ್ರದಲ್ಲಿಲ್ಲ, ಗಾಳಿ ಒಳಗೆ ಬರುವ ದಾರಿಯಲ್ಲಿದೆ.

ಡಕ್ಟ್ ಇಲ್ಲದ ಎಸಿ ಇದ್ದಲ್ಲೇ ಗಾಳಿ ಸುರಿಯುತ್ತದೆ. ಕೆಳಗೆ ಕೂತವರಿಗೆ ಚಳಿ, ದೂರದಲ್ಲಿ ಮಲಗಿದವರಿಗೆ ಸೆಕೆ. ಬೇಸಿಗೆಗೆ ಮೈಸೂರಿನಿಂದ ಬರುವ ಅಮ್ಮನಿಗೆ ಇದು ಆಗುತ್ತಲೇ ಇರಲಿಲ್ಲ. ಅವರು ಮಲಗುತ್ತಿದ್ದ ಡೈನೆಟ್ (ರಾತ್ರಿ ಹಾಸಿಗೆಯಾಗುವ ಊಟದ ಮೇಜಿನ ಜಾಗ) ಸರಿಯಾಗಿ ಎಸಿಯ ಕೆಳಗೇ ಇತ್ತು. "ನೆತ್ತಿಗೆ ಗಾಳಿ ಹೊಡೆಯುತ್ತೆ ಕಣೋ, ಆರಿಸು ಅದನ್ನ" ಅಂತ ರಾತ್ರಿ ಎದ್ದು ಕೂರುತ್ತಿದ್ದರು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಮಲಗುತ್ತಿದ್ದರು. ಆರಿಸಿದರೆ ಮಕ್ಕಳು ಬೆವರಿ ಏಳುತ್ತಿದ್ದರು. ಅದರ ಮೇಲೆ ಸದ್ದು ಬೇರೆ. ಊಟದ ಮೇಜಿನಲ್ಲಿ ಎದುರು ಕೂತವರ ಮಾತು ಕೇಳಬೇಕಾದರೆ ಫ್ಯಾನನ್ನು ಕಡಿಮೆ ಮಾಡಬೇಕಿತ್ತು.

ಟ್ರೈಲರ್ ಬದಲಾಯಿಸುವಾಗ ಡಕ್ಟ್ ಇರಲೇಬೇಕು ಅಂತ ಹಟ ಹಿಡಿದದ್ದು ಇದಕ್ಕೇ. ಆ ವಿಷಯದಲ್ಲಿ ನನಗೆ ತುಂಬಾ ಖುಷಿ ಇದೆ. ಚಾವಣಿಯ ಉದ್ದಕ್ಕೂ ಗಾಳಿ ಹೊರಬರುವ ದುಂಡಗಿನ ವೆಂಟ್‌ಗಳು. ಪ್ರತಿಯೊಂದನ್ನೂ ತಿರುಗಿಸಬಹುದು, ಮುಚ್ಚಬಹುದು. ಅಮ್ಮ ಮಲಗುವ ಮುಂಚೆ ಕೈ ಎತ್ತಿ ತಮ್ಮ ವೆಂಟನ್ನು ಗೋಡೆಯ ಕಡೆ ತಿರುಗಿಸುತ್ತಾರೆ. ಆಮೇಲೆ ಬೆಳಗಿನವರೆಗೂ ನಿದ್ದೆ. ಸದ್ದೂ ಕಡಿಮೆ. ಪೂರ್ತಿ ಹೋಗಿಲ್ಲ, ಕಂಪ್ರೆಸರ್ ಇನ್ನೂ ತಲೆಯ ಮೇಲೇ ಇದೆಯಲ್ಲ. ಆದರೆ ಗಾಳಿಯ ಭೋರ್ಗರೆತ ಹಂಚಿಹೋಗಿದೆ. ಮಾತಾಡಬಹುದು, ಮಕ್ಕಳಿಗೆ ಕಥೆ ಹೇಳಬಹುದು.

ಕ್ಯಾಂಪ್ ಮುಟ್ಟಿದ ತಕ್ಷಣ ನಮ್ಮದೊಂದು ಕ್ರಮ ಇದೆ. ಕರೆಂಟ್ ಚುಚ್ಚುವುದು, ಬಿಸಿಲಿನ ಕಡೆಯ ಪರದೆ ಎಳೆಯುವುದು, ಹೊರಗೆ ಆನಿಂಗ್ (ಟ್ರೈಲರಿನ ಪಕ್ಕದ ನೆರಳಿನ ಚಪ್ಪರ) ಬಿಚ್ಚುವುದು. ಆಮೇಲೆ ಎಸಿಯ ಅಡಿಯಲ್ಲಿರುವ ದೊಡ್ಡ ಮುಚ್ಚಳ ತೆರೆಯುತ್ತೇನೆ. ಅದು ತೆರೆದರೆ ಹೆಚ್ಚಿನ ಗಾಳಿ ಡಕ್ಟಿಗೆ ಹೋಗದೆ ನೇರ ಕೆಳಗೆ ಬೀಳುತ್ತದೆ. ಯಾಕೆಂದರೆ ಬಿಸಿಲಲ್ಲಿ ಓಡಿಬಂದ ಟ್ರೈಲರಿನ ಚಾವಣಿ ಕಾದಿರುತ್ತದೆ, ಡಕ್ಟ್ ಇರುವುದು ಆ ಚಾವಣಿಯ ಒಳಗೇ. ಮೊದಲು ನಡುಮನೆ ತಣ್ಣಗಾಗಲಿ, ಆಮೇಲೆ ಮುಚ್ಚಳ ಹಾಕಿ ಕೋಣೆಗಳಿಗೆ ಕಳಿಸಿದರಾಯಿತು. ಡಕ್ಟ್ ಇರುವ ಎಸಿ ಕೊಳ್ಳುವವರು ಈ ಮುಚ್ಚಳ ಇದೆಯಾ ಅಂತ ನೋಡಿಕೊಳ್ಳಿ. ಬಹಳ ಉಪಯೋಗದ್ದು.

ಬೆಳಗಿನ ಅಡುಗೆಗೂ ಎಸಿಗೂ ಮಾತ್ರ ಕರೆಂಟಿನ ಜಗಳ. ನಮ್ಮದು 30 ಆಂಪ್ ಟ್ರೈಲರ್, ಅಂದರೆ 120 ವೋಲ್ಟಿನಲ್ಲಿ ಒಟ್ಟು 3,600 ವ್ಯಾಟ್. ಎಸಿ ಅದರಲ್ಲಿ ಸುಮಾರು ಅರ್ಧ ತಿನ್ನುತ್ತದೆ. ಇಂಡಕ್ಷನ್ ಒಲೆ 1,800. ಇವೆರಡರ ಜೊತೆ ಬಿಸಿನೀರಿನ ಹೀಟರ್ ಬಂದರೆ ಬ್ರೇಕರ್ ಬಿತ್ತು ಅಂತಲೇ ಲೆಕ್ಕ. ಹಾಗಾಗಿ ಡಿಕಾಕ್ಷನ್ ಇಳಿಯುವವರೆಗೆ ಎಸಿ ಚೆನ್ನಾಗಿ ಓಡಿಸುತ್ತೇವೆ, ದೋಸೆ ಹೊತ್ತಿಗೆ ಬರೀ ಫ್ಯಾನ್. ಡಕ್ಟಿನ ಇನ್ನೊಂದು ಗುಣ ಗೊತ್ತಾಗಿದ್ದು ಆಗಲೇ. ಗಾಳಿ ಎಳೆದುಕೊಳ್ಳುವ ಜಾಲರಿ ಇರುವುದು ಅಡುಗೆ ಜಾಗದ ಪಕ್ಕ. ಒಗ್ಗರಣೆ ಹಾಕಿದರೆ ಘಾಟು ನೇರ ಮೇಲೆ ಹೋಗಿ ಎಲ್ಲ ಕೋಣೆಗೂ ಹಂಚಿಕೆಯಾಗುತ್ತದೆ. ಮಕ್ಕಳು ಕೆಮ್ಮುತ್ತಾ ಏಳುತ್ತಾರೆ. ಫಿಲ್ಟರ್ ಅಂದರೆ ಸುಮ್ನೆ ಒಂದು ತೆಳು ಸ್ಪಂಜು, ಜಿಡ್ಡು ಬೇಗ ಹಿಡಿಯುತ್ತದೆ. ನಾನು ಪ್ರತಿ ಪ್ರವಾಸದ ಕೊನೆಗೆ ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿ ಹಾಕುತ್ತೇನೆ. ಈಗ ಒಗ್ಗರಣೆಗೆ ಆನಿಂಗ್ ಕೆಳಗೆ ಒಂದು ಪುಟ್ಟ ಗ್ಯಾಸ್ ಒಲೆ ಇಟ್ಟಿದ್ದೇವೆ.

ಇಷ್ಟಾದರೆ ಐದಕ್ಕೆ ಐದು ಕೊಡುತ್ತಿದ್ದೆ. ಆದರೆ ಆಗಸ್ಟ್ ಬಂತು.

ಇಂಕ್ಸ್ ಲೇಕ್ ಸ್ಟೇಟ್ ಪಾರ್ಕಿನಲ್ಲಿದ್ದೆವು. ಹೊರಗೆ 102 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 39 ಸೆಲ್ಸಿಯಸ್. ಬಂಕ್ ರೂಮಿನ ವೆಂಟಿಗೆ ಕೈ ಹಿಡಿದರೆ ಯಾರೋ ಊದಿದಷ್ಟು ಗಾಳಿ. ಜಾಲರಿಯ ಹತ್ತಿರ ಒಳಹೋಗುವ ಗಾಳಿ 84 ಡಿಗ್ರಿ, ವೆಂಟಿನಿಂದ ಬರುವುದು 73. ಒಳ್ಳೆ ಸ್ಥಿತಿಯಲ್ಲಿರುವ ಇಂಥ ಎಸಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಇಳಿಸಬೇಕು. ಮಾರಿದ ಅಂಗಡಿಯವರನ್ನು ಕೇಳಿದರೆ "ಈ ಬಿಸಿಲಿಗೆ ಇಷ್ಟೇ ಬರೋದು" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕರೆಂಟ್ ಕಿತ್ತು, ಜಾಲರಿ ಬಿಚ್ಚಿ, ಟಾರ್ಚ್ ಹಿಡಿದು ನೋಡಿದೆ.

ನೋಡಿ ಹೊಟ್ಟೆ ಉರಿಯಿತು. ಒಳಗೆ ಒಂದು ಪೆಟ್ಟಿಗೆಯಂಥ ಜಾಗ ಇದೆ. ಅದರಲ್ಲಿ ಒಂದು ಕಡೆಯಿಂದ ಬಿಸಿ ಗಾಳಿ ಮೇಲೆ ಹೋಗಬೇಕು, ಇನ್ನೊಂದು ಕಡೆಯಿಂದ ತಣ್ಣನೆಯದು ಡಕ್ಟಿಗೆ ಇಳಿಯಬೇಕು. ನಡುವಿನ ತಡಿಕೆಗೆ ಅಂಟಿಸಿದ ಟೇಪ್ ಕಿತ್ತುಬಂದು ಎರಡು ಬೆರಳು ತೂರುವಷ್ಟು ಸಂದು. ತಣ್ಣನೆ ಗಾಳಿ ಕೋಣೆಗೆ ಹೋಗುವ ಬದಲು ಮತ್ತೆ ಎಸಿಯೊಳಗೇ ಸುತ್ತುತ್ತಿತ್ತು. ಡಕ್ಟ್ ಶುರುವಾಗುವಲ್ಲಿ ಚಾವಣಿಯ ಮರದ ಚೌಕಟ್ಟಿಗೂ ಅದಕ್ಕೂ ಹೊಂದಿಕೆಯೇ ಇಲ್ಲ, ಗಾಳಿ ಚಾವಣಿಯ ಸಂದಿಗೆ ಸೋರುತ್ತಿತ್ತು. ಬಂಕ್ ರೂಮಿನ ಕೊನೆಯ ವೆಂಟ್ ದಾಟಿದ ಮೇಲೂ ಡಕ್ಟ್ ಸುಮ್ಮನೆ ಮುಂದಕ್ಕೆ ಹೋಗಿತ್ತು. ಅಲ್ಲಿಗೆ ಹೋದ ಗಾಳಿ ಯಾರಿಗೂ ದಕ್ಕುವುದಿಲ್ಲ. ಇಷ್ಟು ದುಡ್ಡು ಕೊಟ್ಟವರಿಗೆ ಹೀಗೆ ಮಾಡಿಕೊಡುವುದು ಸರಿಯಲ್ಲ. ಕಣ್ಣಿಗೆ ಕಾಣದ ಜಾಗ ಅಂತ ಬಿಟ್ಟಿದ್ದಾರೆ.

ಸರಿಮಾಡಲು ಬೇಕಾಗಿದ್ದು ಅಲ್ಯುಮಿನಿಯಂ ಫಾಯಿಲ್ ಟೇಪ್, ಒಂದು ಹಾಳೆ ಗಟ್ಟಿ ಫೋಮ್, ಒಂದು ಶನಿವಾರ. ಧೂಳು ಒರೆಸಿ, ತಡಿಕೆಯ ಅಂಚೆಲ್ಲ ಟೇಪ್ ಮಾಡಿದೆ. ಡಕ್ಟಿನ ಬಾಯಿ ಸುತ್ತ ಮಾಡಿದೆ. ಪ್ರತಿ ವೆಂಟ್ ಬಿಚ್ಚಿ ಅದರ ಸುತ್ತಲೂ ಮಾಡಿದೆ. ಕೊನೆಯ ವೆಂಟಿನಾಚೆ ಫೋಮ್ ತುಂಡು ತುರುಕಿದೆ. ಮುಂದಿನ ಪ್ರವಾಸದಲ್ಲೂ ಅಷ್ಟೇ ಬಿಸಿಲು. ಒಳಹೋಗುವುದು 83, ಬರುವುದು 63. ಮಗಳು ರಾತ್ರಿ ಹೊದಿಕೆ ಕೇಳಿದಳು!

ಒಂದು ಎಚ್ಚರಿಕೆ ಮಾತ್ರ. ವೆಂಟ್ ಮುಚ್ಚಬಹುದು ಅಂತ ಸಿಕ್ಕಸಿಕ್ಕದ್ದನ್ನೆಲ್ಲ ಮುಚ್ಚಬೇಡಿ. ಗ್ಯಾಲ್ವೆಸ್ಟನ್ ದ್ವೀಪದ ತೇವದ ಹವೆಯಲ್ಲಿ ಅಮ್ಮ ಒಂದು, ಮಗ ಒಂದು, ನನ್ನ ಹೆಂಡತಿ ಒಂದು ಮುಚ್ಚಿದ್ದರು. ಗಾಳಿಯ ಓಟ ಕಡಿಮೆಯಾಗಿ ಗಾಳಿಯನ್ನು ತಣ್ಣಗಾಗಿಸುವ ಒಳಗಿನ ಕಾಯಿಲ್ ಮೇಲೆ ಮಂಜು ಕಟ್ಟಿತು. ಗಾಳಿಯೇ ನಿಂತುಹೋಯಿತು. ಬರೀ ಫ್ಯಾನ್ ಹಾಕಿ ಕರಗಿಸಿದೆವು. ಈಗ ನಮ್ಮ ಮನೆಯಲ್ಲಿ ತಿರುಗಿಸಲು ಅನುಮತಿ ಇದೆ, ಮುಚ್ಚಲು ಒಂದಕ್ಕೆ ಮಾತ್ರ.

ನೀವು ಇಬ್ಬರೇ ಓಡಾಡುವವರಾ? 20 ಅಡಿ ಒಳಗಿನ, ನಡುವೆ ಬಾಗಿಲಿಲ್ಲದ ಟ್ರೈಲರಾ? ಹಾಗಾದರೆ ಡಕ್ಟ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ಬೇಗ ತಣ್ಣಗಾಗುತ್ತದೆ, ಸೋರಲು ಡಕ್ಟೇ ಇಲ್ಲ, ರಿಪೇರಿ ಸುಲಭ. ದುಡ್ಡು ಉಳಿಯುತ್ತದೆ. ಮನೆಯಲ್ಲಿ ಹಿರಿಯರು, ಮಕ್ಕಳು ಇದ್ದು ಬೇರೆ ಬೇರೆ ಕೋಣೆ ಇದ್ದರೆ ಡಕ್ಟ್ ಇರುವುದೇ ಬೇಕು. ನಾನು ಇವತ್ತು ಕೊಂಡರೂ ಅದನ್ನೇ ಕೊಳ್ಳುತ್ತೇನೆ. ಆದರೆ ಸಹಿ ಹಾಕುವ ಮುಂಚೆ ಎಸಿ ಹಾಕಿಸಿ, ಎಲ್ಲ ಬಾಗಿಲು ಮುಚ್ಚಿ, ಎಸಿಯಿಂದ ಅತಿ ದೂರದ ವೆಂಟಿಗೆ ಟಿಶ್ಯೂ ಹಾಳೆ ಹಿಡಿದು ನೋಡಿ. ಅಲ್ಲಾಡದಿದ್ದರೆ ಜಾಲರಿ ಬಿಚ್ಚಿಸಿ ಒಳಗೆ ತೋರಿಸಿ ಅನ್ನಿ. ನೀವೇ ಟೇಪ್ ಮಾಡುವುದಾದರೆ ಫಾಯಿಲ್ ಟೇಪೇ ಇರಲಿ. ಬೂದು ಬಣ್ಣದ ಬಟ್ಟೆಯ ಟೇಪ್ ಚಾವಣಿಯ ಬಿಸಿಗೆ ಅಂಟು ಬಿಡುತ್ತದೆ.