ಬೆಟ್ಟದ ಮೆಟ್ಟಿಲು, ಜಿಮ್ಮು, ಗರಡಿ: ಮೂಟೆ ಹೊರುವ ಮೈಗೆ ಯಾವುದು ಒಗ್ಗಿತು

"ದಿನಾ ಮೂಟೆ ಹೊರ್ತೀಯ, ನಿನಗ್ಯಾಕಪ್ಪ ವ್ಯಾಯಾಮ?" ಮನೆಯವರಿಂದ ಹಿಡಿದು ಯಾರ್ಡಿನ ಎದುರು ಟೀ ಮಾರುವವರ ತನಕ ಎಲ್ಲರೂ ನನಗೆ ಈ ಮಾತು ಹೇಳಿದ್ದಾರೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಮೈಸೂರಿನ ಬಂಡೀಪಾಳ್ಯ ಎಪಿಎಂಸಿ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಮಾಲಿ ಕೆಲಸ ನನ್ನದು. ವಯಸ್ಸು 42, ಎತ್ತರ ಐದಡಿ ಆರಿಂಚು. ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ತೂಕ ನೋಡಿಸಿದಾಗ 91 ಕೆಜಿ, ಸೊಂಟ 41 ಇಂಚು, ಬಿಪಿ 150/96.

ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ದಾಟಿದರೆ ಎಚ್ಚರ ಇರಬೇಕು ಅಂತ ಡಾಕ್ಟರು ಹೇಳಿದರು. "ದುಡಿಮೆಯೇ ಬೇರೆ, ವ್ಯಾಯಾಮವೇ ಬೇರೆ" ಅಂತಲೂ ಹೇಳಿ, ಬಿಡಿಸಿ ತಿಳಿಸಿದರು. ಭಾರ ಎತ್ತುವಾಗ ನಾವು ಉಸಿರು ಬಿಗಿ ಹಿಡಿಯುತ್ತೇವೆ, ಆ ಕ್ಷಣ ಬಿಪಿ ಏರುತ್ತದೆ. ದಿನಕ್ಕೆ ನೂರು ಸಲ ಅದೇ ಆಗುತ್ತದೆ. ಗುಂಡಿಗೆಗೆ ತಾಲೀಮು ಆಗುವಂತೆ ಅರ್ಧ ಗಂಟೆ ಒಂದೇ ಸಮ ಏದುಸಿರು ಬರಿಸುವ ಕೆಲಸವೂ ಅದಲ್ಲ, ಮೈಗೆ ಸುಧಾರಿಸಿಕೊಳ್ಳಲು ಬಿಡುವೂ ಸಿಗುವುದಿಲ್ಲ. ಡೆನ್ಮಾರ್ಕ್ ಕಡೆಯ ಸಂಶೋಧಕರು ಇದನ್ನ ಬಹಳ ವರ್ಷದಿಂದ ಹೇಳಿಕೊಂಡು ಬಂದಿದ್ದಾರಂತೆ: ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಕೊಡುವ ಲಾಭವನ್ನ ಕೂಲಿಯ ಮೈಮುರಿತ ಕೊಡುವುದಿಲ್ಲ ಅಂತ.

ಸರಿ, ವ್ಯಾಯಾಮ ಮಾಡಲೇಬೇಕು. ಆದರೆ ಯಾವುದು? ನಮ್ಮ ಕೂಲಿ ಮೂಟೆ ಲೆಕ್ಕದಲ್ಲಿ. ಬೆಳಗ್ಗೆ ಮೈ ದಣಿಸಿಕೊಂಡು ಬಂದರೆ ಅವತ್ತಿನ ಮೂಟೆ ಕಡಿಮೆಯಾಗುತ್ತದೆ, ಮನೆಗೆ ಬರುವ ದುಡ್ಡೂ ಕಡಿಮೆಯಾಗುತ್ತದೆ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಕೊಡುವ ಸಲಹೆಯಲ್ಲಿ ಈ ಲೆಕ್ಕ ಇರುವುದೇ ಇಲ್ಲ. ಅದಕ್ಕೇ ಒಂದೊಂದನ್ನೂ ಆರಾರು ವಾರ ಮಾಡಿ, ತೂಕದ ಜೊತೆಗೆ ಹೊತ್ತ ಮೂಟೆಯ ಸಂಖ್ಯೆಯನ್ನೂ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮೊದಲು ಹತ್ತಿದ್ದು ಚಾಮುಂಡಿ ಬೆಟ್ಟ. ಯಾರ್ಡಿಗೆ ಹತ್ತಿರ, ಕಾಸು ಖರ್ಚಿಲ್ಲ, ತಾಯಿ ಚಾಮುಂಡಿಯ ದರ್ಶನವೂ ಆಗುತ್ತದೆ. ದೊಡ್ಡದೇವರಾಜ ಒಡೆಯರ ಕಾಲದ ಮೆಟ್ಟಿಲು, ಜನ ಸಾವಿರದೆಂಟು ಅಂತ ಎಣಿಸುತ್ತಾರೆ. ಬೆಳಗ್ಗೆ ಐದಕ್ಕೆ ಬೆಟ್ಟದ ಪಾದದಲ್ಲಿ ಚಪ್ಪಲಿ ಬಿಟ್ಟು ಹತ್ತಲು ಶುರು ಮಾಡಿದರೆ ಮೊದಲ ವಾರ ದಾರಿಯಲ್ಲಿರುವ ನಂದಿ ವಿಗ್ರಹ ಮುಟ್ಟುವಷ್ಟರಲ್ಲೇ ಎದೆ ಡವಡವ ಅನ್ನುತ್ತಿತ್ತು. ನಾಲ್ಕನೇ ವಾರಕ್ಕೆ ನಂದಿ ಹತ್ತಿರ ನಿಲ್ಲದೆ ಮೇಲೆ ಹೋದೆ. ಆ ಹೊತ್ತಿನ ಗಾಳಿ, ಕೆಳಗೆ ಊರಿನ ದೀಪ, ಮಂಜು ಸರಿದ ಹಾಗೆ ಲಲಿತಮಹಲಿನ ಬಿಳಿ ಗುಮ್ಮಟ ಕಾಣುವುದು, ಅದರ ಸುಖಕ್ಕೆ ಸಮ ಇನ್ನೊಂದಿಲ್ಲ. ಆರು ವಾರದಲ್ಲಿ 91 ಇದ್ದದ್ದು ಎಂಬತ್ತೆಂಟೂವರೆಗೆ ಬಂತು. ಬರೀ ವ್ಯಾಯಾಮದಿಂದ ಇಷ್ಟು ಬೇಗ ಇಳಿದದ್ದು ಬೆಟ್ಟದಲ್ಲಿ ಮಾತ್ರ.

ಆದರೆ ನೋಟ್‌ಬುಕ್ಕಿನ ಇನ್ನೊಂದು ಕಡೆ ಬೇರೆ ಕಥೆ ಇತ್ತು. ಬೆಟ್ಟ ಹತ್ತಿದ ದಿನ ನೂರಿಪ್ಪತ್ತು ಮೂಟೆಯ ಜಾಗದಲ್ಲಿ ನೂರು, ಕೆಲವು ದಿನ ತೊಂಬತ್ತೈದು. ಆಮೇಲೆ ಮಂಡಿ. ಹತ್ತುವಾಗ ಏನೂ ಗೊತ್ತಾಗುವುದಿಲ್ಲ, ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಇಡೀ ಮೈಯ ಭಾರವನ್ನ ತೊಡೆಯೇ ತಡೆದು ಇಳಿಸಬೇಕು. ಮಾರನೆಯ ದಿನ ತೊಡೆ ನಡುಗುವುದು ಅದರಿಂದಲೇ. ಆರನೇ ವಾರದ ಒಂದು ಗುರುವಾರ, ಈರುಳ್ಳಿ ಲಾರಿ. ಐವತ್ತು ಕೆಜಿ ಮೂಟೆ ಬೆನ್ನ ಮೇಲಿದೆ, ಲಾರಿಯಿಂದ ನೆಲಕ್ಕೆ ಒರಗಿಸಿದ ಹಲಗೆಯ ಮೇಲೆ ಎರಡನೇ ಹೆಜ್ಜೆ ಇಟ್ಟೆ. ಬಲ ಮಂಡಿ ಒಳಗಿನಿಂದ ಕಳಚಿದ ಹಾಗೆ ಮಡಚಿತು. ಹಿಂದಿದ್ದ ಜೊತೆಗಾರ ಮೂಟೆಯ ಕಿವಿ ಹಿಡಿದು ಎಳೆದುಕೊಂಡ, ಅದು ಪಕ್ಕಕ್ಕೆ ಬಿತ್ತು. ಗೋಣಿ ಒಡೆದು ಈರುಳ್ಳಿ ಟಯರಿನ ಕೆಳಗೆಲ್ಲ ಉರುಳಿತು. ನನ್ನ ಮೇಲೆ ಬಿದ್ದಿದ್ದರೆ ಕುತ್ತಿಗೆ ಉಳಿಯುತ್ತಿರಲಿಲ್ಲ. ಹತ್ತು ದಿನ ಕೆಲಸ ಬಿಟ್ಟು ಕೂತೆ, ಎರಡು ಕೆಜಿ ವಾಪಸ್ ಬಂತು.

ಜಿಮ್ಮಿನ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಸಂಜೆ ಏಳಕ್ಕೆ ಹೋಗುತ್ತಿದ್ದೆ. ಅಲ್ಲಿ ಎಲ್ಲರಿಗೂ ಒಂದೇ ಪಟ್ಟಿ: ಇವತ್ತು ಎದೆ, ನಾಳೆ ಭುಜ, ನಾಡಿದ್ದು ಕಾಲು. ಹಗಲೆಲ್ಲ ಭಾರ ಹೊತ್ತ ಭುಜಕ್ಕೆ ರಾತ್ರಿ ಮತ್ತೆ ಭಾರ. ಮೂರನೇ ವಾರಕ್ಕೆ ಎಡ ಭುಜ ಹಿಡಿದುಕೊಂಡು ಅಂಗಿಯ ತೋಳು ಹಾಕಿಕೊಳ್ಳಲೂ ಕಷ್ಟವಾಯಿತು. ಏಳೂವರೆ ಎಂಟಕ್ಕೆ ಮೈ ಬಿಸಿ ಮಾಡಿಕೊಂಡು ಬಂದರೆ ಹನ್ನೊಂದಾದರೂ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಉಪಕಾರವಂತೂ ಆಯಿತು: ಕೂತು ಹಗ್ಗವನ್ನ ಎದೆಯ ಕಡೆಗೆ ಎಳೆಯುವ ಮಿಷಿನ್ನು. ನಾವು ಸದಾ ಮುಂದಕ್ಕೆ ಬಾಗಿ ದುಡಿಯುವವರು, ಹಿಂದಕ್ಕೆ ಎಳೆಯುವ ಕೆಲಸ ನಮ್ಮ ಮೈಗೆ ಸಿಗುವುದೇ ಇಲ್ಲ. ಅದನ್ನ ಮಾಡಿದ ದಿನ ಬೆನ್ನು ಹಗುರವಾಗುತ್ತಿತ್ತು. ಆರು ವಾರಕ್ಕೆ 90 ರಿಂದ 89.

ಆ ದಿನಗಳಲ್ಲೇ ಒಂದು ತಪ್ಪು ಮಾಡಿದೆ, ನಮ್ಮ ಕಸುಬಿನವರು ಯಾರೂ ಮಾಡಬೇಡಿ. ಬೇಗ ಇಳಿಯಲಿ ಅಂತ ಬೆಳಗಿನ ತಿಂಡಿ ಬಿಟ್ಟು ಕೆಲಸಕ್ಕೆ ಹೋದೆ. ಏಪ್ರಿಲ್ ತಿಂಗಳು, ಶೀಟಿನ ಶೆಡ್ಡು, ಹನ್ನೊಂದು ಗಂಟೆಗೆ ಕಣ್ಣಿಗೆ ಕತ್ತಲೆ ಬಂತು. ಮಧ್ಯಾಹ್ನ ಯಾರ್ಡಿನ ತಕ್ಕಡಿಯಲ್ಲಿ ಒಂದೂವರೆ ಕೆಜಿ ಕಡಿಮೆ ತೋರಿಸಿದ್ದಕ್ಕೆ ಖುಷಿಪಟ್ಟಿದ್ದೆ. ಅದೆಲ್ಲ ಬೆವರು. ನೀರು, ಉಪ್ಪು ಹಾಕಿದ ಮಜ್ಜಿಗೆ ಒಳಗೆ ಹೋದ ಮೇಲೆ ಸಂಜೆಗೆ ತಕ್ಕಡಿ ಮತ್ತೆ ಅಲ್ಲಿಗೇ. ತೂಕ ನೋಡುವುದಾದರೆ ಬೆಳಗ್ಗೆ ಎದ್ದು ಮುಖ ತೊಳೆದ ಮೇಲೆ, ವಾರಕ್ಕೊಂದು ಸಲ ಸಾಕು.

ಗರಡಿಗೆ ಹೋಗಿದ್ದು ಜೂನ್‌ನಲ್ಲಿ. ಮೈಸೂರಿನ ಹಳೇ ಬೀದಿಗಳಲ್ಲಿ ಇವತ್ತಿಗೂ ಗರಡಿಮನೆ ಉಳಿದಿವೆ. ದಸರಾ ಕುಸ್ತಿಗೆ ದೊಡ್ಡಕೆರೆ ಮೈದಾನದಲ್ಲಿ ಇಳಿಯುವ ಹುಡುಗರು ಅಲ್ಲೇ ಮೈ ಹದ ಮಾಡುವುದು. ಹೊಸ್ತಿಲು ಬಗ್ಗಿ ದಾಟಿದರೆ ಒಳಗೆ ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣಿನ ತಣ್ಣನೆ ವಾಸನೆ, ಗೋಡೆಯಲ್ಲಿ ಆಂಜನೇಯ. ನಲವತ್ತು ದಾಟಿದವನು ಬಂದಿದ್ದಾನಲ್ಲ ಅಂತ ಉಸ್ತಾದರು ನಗಲಿಲ್ಲ. ನೆಲದಲ್ಲಿದ್ದ ಕಲ್ಲುಗುಂಡು ತೋರಿಸಿ, "ಯಾರ್ಡಿನಲ್ಲಿ ಹೇಗೆ ಎತ್ತುತೀಯೋ ಹಾಗೇ ಎತ್ತು, ನೋಡೋಣ" ಅಂದರು. ಎತ್ತಿದೆ. ನನ್ನ ಸೊಂಟದ ಮೇಲೆ ಅಂಗೈ ಇಟ್ಟು, "ಇಲ್ಲಿಂದ ಎತ್ತುತಾ ಇದ್ದೀಯ. ತೊಡೆ ಸುಮ್ಮನೆ ನಿಂತಿದೆ" ಅಂದರು. ಇಪ್ಪತ್ತೆರಡು ವರ್ಷದಲ್ಲಿ ಇದನ್ನ ನನಗೆ ಯಾರೂ ಹೇಳಿರಲಿಲ್ಲ. ನಮಗೆ ಮೂಟೆ ಹೊರುವುದನ್ನ ಯಾರೂ ಕಲಿಸುವುದಿಲ್ಲ, ಮೊದಲ ದಿನವೇ ಬೆನ್ನ ಮೇಲೆ ಹಾಕಿ ಕಳಿಸುತ್ತಾರೆ.

ಎರಡು ವಾರ ಅವರು ಭಾರ ಮುಟ್ಟಿಸಲಿಲ್ಲ. ಬಸ್ಕಿ, ದಂಡ, ಹಗುರದ ಗದೆ, ಅಷ್ಟೇ. ಬಸ್ಕಿ ಅಂದರೆ ಕುಂಡೆ ಹಿಮ್ಮಡಿಗೆ ತಾಗುವ ತನಕ ಕೂತು ಏಳುವುದು. ಮೊದಲ ದಿನ ಅರ್ಧಕ್ಕೇ ಸೊಂಟ ಹಿಡಿಯಿತು, ಕಂಬ ಹಿಡಿದುಕೊಂಡು ಹನ್ನೆರಡು ಮಾಡಿದೆ. ಮಂಡಿಯ ಪೆಟ್ಟು ಗೊತ್ತಿದ್ದರಿಂದ ನೋವು ಬರುವಷ್ಟು ಕೆಳಗೆ ಹೋಗಬೇಡ, ವಾರ ವಾರಕ್ಕೆ ಒಂದು ಬೆರಳಷ್ಟು ಇಳಿ ಅಂದಿದ್ದರು. ಗದೆಯನ್ನ ತಲೆಯ ಹಿಂದೆ ಸುತ್ತಿಸಿ ತರುವಾಗ, ಜಿಮ್ಮಿನಲ್ಲಿ ಹಿಡಿದುಕೊಂಡಿದ್ದ ಭುಜ ಒಳಗೆ ಕಟಕಟ ಅಂದು ಸಡಿಲವಾಯಿತು. ಎದ್ದಾಗ ಉಸಿರು ಒಳಗೆ, ಕೂರುವಾಗ ಹೊರಗೆ, ಬಿಗಿ ಹಿಡಿದರೆ ಅಲ್ಲೇ ನಿಲ್ಲಿಸುತ್ತಿದ್ದರು. ವಾರಕ್ಕೆ ಮೂರು ದಿನ, ಬೆಳಗ್ಗೆ ನಲವತ್ತು ನಿಮಿಷ. ಅದಾದ ಮೇಲೆ ನೇರ ಯಾರ್ಡಿಗೆ ಹೋದರೂ ಮೂಟೆ ಕಡಿಮೆಯಾಗಲಿಲ್ಲ. ಆರನೇ ವಾರ ನೂರಿಪ್ಪತ್ತೈದು ಹೊತ್ತ ದಿನವೂ ಇದೆ, ಆ ರಾತ್ರಿ ಸೊಂಟಕ್ಕೆ ಮುಲಾಮು ಬೇಕಾಗಲಿಲ್ಲ.

ತೂಕ ಮಾತ್ರ ಇಳಿಯಲಿಲ್ಲ. 89 ಇದ್ದದ್ದು 89. ಸೊಂಟ ಒಂದಿಂಚು ಸಣ್ಣಗಾಗಿತ್ತು ಅಷ್ಟೇ. ಗರಡಿಯ ಹುಡುಗರು ಹಾಲು, ಬಾದಾಮಿ, ತುಪ್ಪ ಅಂತ ತಿನ್ನುತ್ತಾರೆ, ಅವರ ತಾಲೀಮಿಗೆ ಅದು ಬೇಕು. ಅವರ ಜೊತೆ ಕೂತು ನಾನೂ ಒಂದು ಲೋಟ ಹಾಲು ಕುಡಿದು ಬರುತ್ತಿದ್ದೆ, ನನಗೆ ಅದು ಬೇಕಿರಲಿಲ್ಲ.

ಇಷ್ಟರಲ್ಲಿ ಮಗಳು ಪಿಯುಸಿ ಸೈನ್ಸ್ ಪುಸ್ತಕ ತೆಗೆದುಕೊಂಡು ಲೆಕ್ಕಕ್ಕೆ ಕೂತಳು. ಬೆಟ್ಟ ಪಾದದಿಂದ ಸುಮಾರು 250 ಮೀಟರ್ ಎತ್ತರ ಅಂತ ಹಿಡಿದರೆ, 91 ಕೆಜಿ ಮೈಯನ್ನ ಮೇಲೆ ಒಯ್ಯಲು ಬೇಕಾದ ಶಕ್ತಿ 53 ಕ್ಯಾಲರಿ. ಸ್ನಾಯುಗಳು ಉರಿಸಿದ್ದರಲ್ಲಿ ಸುಮಾರು ಕಾಲು ಭಾಗವಷ್ಟೇ ಕೆಲಸಕ್ಕೆ ಬರುತ್ತದೆ, ಉಳಿದದ್ದು ಶಾಖ. ಅಲ್ಲಿಗೆ ಇನ್ನೂರು ಚಿಲ್ಲರೆ ಕ್ಯಾಲರಿ. ಆಮೇಲೆ ನನ್ನ ದಿನದ ಲೆಕ್ಕ. ನೂರಿಪ್ಪತ್ತು ಮೂಟೆ ಅಂದರೆ ಆರು ಟನ್, ಕೇಳಲು ಬೆಟ್ಟದಷ್ಟು. ಆದರೆ ನೆಲದಿಂದ ಬೆನ್ನಿನ ಎತ್ತರಕ್ಕೆ ಎತ್ತುವ ಕೆಲಸವನ್ನಷ್ಟೇ ಹಿಡಿದರೆ ಅದೇ ರೀತಿಯಲ್ಲಿ ನೂರು ಕ್ಯಾಲರಿಯೂ ಆಗುವುದಿಲ್ಲ. ಹೊತ್ತು ನಡೆಯುವುದು, ತಡೆದು ನಿಲ್ಲುವುದು ಸೇರಿದರೆ ಅದರ ಎಷ್ಟೋ ಪಾಲು ಜಾಸ್ತಿ ಆಗುತ್ತದೆ, ನಿಜ. ಆದರೂ ಒಂಬತ್ತು ಗಂಟೆಯಲ್ಲಿ ಮೂಟೆ ಬೆನ್ನ ಮೇಲಿರುವುದು ಎಲ್ಲ ಸೇರಿ ಮೂರು ಗಂಟೆ ಇರಬಹುದು. ಉಳಿದದ್ದು ಲಾರಿ ಕಾಯುವುದು, ಟೀ ಕುಡಿಯುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರಿ ದುಡಿಮೆಯ 65 ಕೆಜಿ ಗಂಡಸಿಗೆ ದಿನಕ್ಕೆ 3470 ಕ್ಯಾಲರಿ, ಮಧ್ಯಮ ದುಡಿಮೆಗೆ 2710. ನಾನು ಉಣ್ಣುತ್ತಿದ್ದದ್ದು ಮೊದಲನೆಯದಕ್ಕಿಂತ ಜಾಸ್ತಿ, ದುಡಿಯುತ್ತಿದ್ದದ್ದು ಎರಡನೆಯದಕ್ಕೆ ಹತ್ತಿರ.

ಹೆಂಡತಿ ಒಂದು ಸ್ಟೀಲ್ ತಟ್ಟೆ ತಂದು, ನಾನು ದಿನಕ್ಕೆ ಕುಡಿಯುವ ಆರು ಟೀಗೆ ಮೂರು ಚಮಚದಂತೆ ಸಕ್ಕರೆ ಸುರಿದಳು. ಹದಿನೆಂಟು ಚಮಚ, 90 ಗ್ರಾಂ, 360 ಕ್ಯಾಲರಿ. ಬಾಳೆ ಎಲೆಗೆ ಬಡಿಸಿದ ಮೊದಲ ಸುತ್ತಿನ ಅನ್ನದಷ್ಟು ಗುಡ್ಡೆ. ಬೆಟ್ಟ ಹತ್ತಿ ಕಳೆದದ್ದು ಆ ಗುಡ್ಡೆಯಲ್ಲಿ ಅರ್ಧ ಚಿಲ್ಲರೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗಿರಲಿ, 25ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅಂದಿದೆ. ಆ ತಟ್ಟೆಯನ್ನ ನಾವು ಮೂರು ಜನ ಬಹಳ ಹೊತ್ತು ನೋಡುತ್ತಾ ಕೂತಿದ್ದೆವು.

ಆಗಸ್ಟಿನಿಂದ ಗರಡಿಯನ್ನ ಹಾಗೇ ಇಟ್ಟುಕೊಂಡು ಊಟ ಬದಲಿಸಿದೆ. ಬೆಳಗ್ಗೆ ಕೆಲಸಕ್ಕೆ ಮುಂಚೆ ಹೊಟ್ಟೆ ತುಂಬ: ಒಂದು ರಾಗಿ ಮುದ್ದೆ, ಹುರುಳಿಕಾಳಿನ ಸಾರು ಇಲ್ಲ ಮೊಳಕೆ ಹೆಸರುಕಾಳಿನ ಉಪ್ಸಾರು, ಎರಡು ಬೇಯಿಸಿದ ಮೊಟ್ಟೆ. ಇದರಲ್ಲಿ ಚೂರೂ ಕಡಿಮೆ ಮಾಡಲಿಲ್ಲ. ಟೀ ಮೂರಕ್ಕೆ ಇಳಿಯಿತು, ಸಕ್ಕರೆ ಮುಕ್ಕಾಲು ಚಮಚ. ಮೊದಲ ವಾರ ಬಹಳ ಕಷ್ಟವಾಯಿತು, ತಲೆನೋವು ಬಂತು. ಮೂರನೇ ವಾರಕ್ಕೆ ಹಳೇ ಟೀ ಬಾಯಿಗೆ ಪಾಯಸದ ಹಾಗೆ ಅನಿಸಿತು. ರಾತ್ರಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದನ್ನ ಬಿಟ್ಟೆ, ಗರಡಿಯ ಹಾಲನ್ನೂ ಬಿಟ್ಟೆ. ಹದಿನಾರು ವಾರಕ್ಕೆ 89 ರಿಂದ 82, ಸೊಂಟ 37, ಬಿಪಿ 134/86. ಒಂದು ಕೆಜಿ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಅಂತ ಮಗಳು ಭಾಗಿಸಿ ನೋಡಿದಳು: ದಿನಕ್ಕೆ 480. ಬಿಟ್ಟ ಸಕ್ಕರೆ, ಬಿಟ್ಟ ಒಂದು ಸುತ್ತು ಅನ್ನ, ಎರಡನ್ನೂ ಕೂಡಿದರೆ ಹೆಚ್ಚು ಕಡಿಮೆ ಅಷ್ಟೇ ಬಂತು.

ನನ್ನನ್ನ ಕೇಳಿದರೆ, ಮೈಮುರಿದು ದುಡಿಯುವವರಿಗೆ ಗರಡಿಯೇ ಮೊದಲು. ತೂಕ ಇಳಿಸುವ ಕೆಲಸವನ್ನ ತಟ್ಟೆಗೆ ಬಿಟ್ಟು, ವ್ಯಾಯಾಮದಿಂದ ಬೆನ್ನು ಮಂಡಿ ಉಳಿಸಿಕೊಳ್ಳುವುದನ್ನ ಕೇಳಬೇಕು. ಜಿಮ್ಮಿಗೆ ಹೋಗುವವರು ಭುಜ, ಎದೆಯ ಭಾರ ಬಿಟ್ಟು ಎಳೆಯುವ ಕೆಲಸ ಮಾತ್ರ ಕೇಳಿ ಮಾಡಿಸಿಕೊಳ್ಳಿ, ಅದೂ ಕೆಲಸವಿಲ್ಲದ ದಿನ. ಬೆಟ್ಟವನ್ನ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ದಮ್ಮಿಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಭಾನುವಾರ ಒಂದು ದಿನ, ಹತ್ತುವುದು ಮಾತ್ರ. ಜೊತೆಗಾರ ಬೈಕಿನಲ್ಲಿ ಪಾದಕ್ಕೆ ಬಿಡುತ್ತಾನೆ, ಮೇಲಿಂದ 201 ನಂಬರ್ ಬಸ್ಸು ಹಿಡಿದು ಇಳಿಯುತ್ತೇನೆ. ಮಂಡಿ ಆಮೇಲೆ ಒಂದು ಸಲವೂ ಮಡಚಿಲ್ಲ.

ಈ ಆಷಾಢದಲ್ಲಿ ಹೆಂಡತಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವ ಹರಕೆ ಹೊತ್ತಿದ್ದಾಳೆ. ಸಾವಿರ ಸಲ ಬಗ್ಗಿ ಏಳಬೇಕು. ಅದಕ್ಕೆ ಈಗಿನಿಂದಲೇ ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಸ್ಕಿ ಮಾಡುತ್ತಿದ್ದಾಳೆ, ನಾನು ಪಕ್ಕದಲ್ಲಿ ನಿಂತು ಎಣಿಸುತ್ತೇನೆ. ನಿನ್ನೆ ಇಪ್ಪತ್ತೆಂಟು ಆಯಿತು.