ಆಂಬುಲೆನ್ಸ್ ಬಿಲ್ 18,000, ಮಂಜೂರಾದದ್ದು 2,000

ಶಿವಮೊಗ್ಗದಿಂದ ಬೆಂಗಳೂರಿಗೆ ವೆಂಟಿಲೇಟರ್ ಇರುವ ಖಾಸಗಿ ಆಂಬುಲೆನ್ಸ್, ಬಿಲ್ 18,000 ರೂಪಾಯಿ. ಪಾಲಿಸಿ ಆರೋಗ್ಯ ಸಂಜೀವನಿ, ಅಂದರೆ ಹಲವು ಕಂಪನಿಗಳು ಒಂದೇ ಷರತ್ತಿನಲ್ಲಿ ಮಾರುವ ಆರೋಗ್ಯ ವಿಮೆ. ಕ್ಲೇಮಿನಲ್ಲಿ ಬಂದದ್ದು 2,000. ಮನೆಯವರು ವಿಮಾ ಕಂಪನಿ ಮೇಲೆ ಹರಿಹಾಯ್ದರೂ ಇದರಲ್ಲಿ ಕಂಪನಿಯ ತಪ್ಪಿಲ್ಲ. ಈ ಪಾಲಿಸಿಯನ್ನು ಯಾರಿಂದ ಕೊಂಡರೂ, ವಿಮಾ ಮೊತ್ತ ಎಷ್ಟೇ ಇದ್ದರೂ, ಒಂದು ಸಲದ ಅಡ್ಮಿಷನ್ನಿಗೆ ರಸ್ತೆ ಆಂಬುಲೆನ್ಸ್ ಮಿತಿ ಅಷ್ಟೇ. ಬೇರೆ ಪಾಲಿಸಿಗಳಲ್ಲಿ ಮಿತಿ ಬೇರೆ. ನಿಮ್ಮ ಪಾಲಿಸಿಯ ವಿವರದ ಹಾಳೆ (ಶೆಡ್ಯೂಲ್) ತೆಗೆದು ಇವತ್ತೇ ನೋಡಿ.

ಮಿತಿಯೊಳಗಿನ ಹಣವೂ ಕೈತಪ್ಪುವುದು ಹೆಚ್ಚಾಗಿ ಕಾಗದಪತ್ರದಿಂದ. ಡ್ರೈವರ್ ಹರಿದುಕೊಡುವ ಚೀಟಿಯಲ್ಲಿ 'ಬಾಡಿಗೆ' ಎಂದಷ್ಟೇ ಇದ್ದರೆ ನಡೆಯದು. ಫೋನ್‌ಪೇ ಸ್ಕ್ರೀನ್‌ಶಾಟ್ ಬಿಲ್ಲೇ ಅಲ್ಲ. ರೋಗಿಯ ಹೆಸರು, ತಾರೀಖು, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಸಂಸ್ಥೆಯ ಸೀಲು, ಸಹಿ ಇಷ್ಟನ್ನೂ ಗಾಡಿ ಹೊರಡುವ ಮೊದಲೇ ಕೇಳಿ. ಆಮೇಲೆ ಆ ಡ್ರೈವರ್ ಫೋನ್ ಎತ್ತುವುದಿಲ್ಲ. ಆಂಬುಲೆನ್ಸ್ ಕಾಲರ್ (ಕುತ್ತಿಗೆ ಪಟ್ಟಿ), ಆಂಬುಲೆನ್ಸ್ ಸಲಕರಣೆ, ಆಸ್ಪತ್ರೆಯ ಹೊರಗೆ ಬಳಸಿದ ಆಕ್ಸಿಜನ್ ಸಿಲಿಂಡರ್ ಇವು ಸಾಮಾನ್ಯವಾಗಿ ಹಣ ಕೊಡದ ವಸ್ತುಗಳ ಪಟ್ಟಿಯಲ್ಲಿವೆ. ಬಿಲ್ಲಿನಲ್ಲಿ ಬೇರೆ ಸಾಲಾಗಿ ಬಂದರೆ ಕತ್ತರಿ ಬೀಳುತ್ತದೆ. ಮಾತಾಡಿದ ದರದಲ್ಲೇ ಎಲ್ಲವೂ ಸೇರಿದ್ದರೆ ಬಿಲ್ಲನ್ನೂ ಹಾಗೇ ಬರೆಸಿ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ರೆಫರಲ್ ಪತ್ರವೇ ಮುಖ್ಯ. 'ಇಂಥ ಚಿಕಿತ್ಸೆಗೆ ಇಲ್ಲಿ ಸೌಲಭ್ಯವಿಲ್ಲ' ಎಂದು ವೈದ್ಯರೇ ಬರೆದಿರಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ರೋಗಿಯ ಕೋರಿಕೆ ಮೇರೆಗೆ' ಎಂಬ ಒಂದು ಸಾಲು ಸೇರಿತೋ, ಅಲ್ಲಿಗೆ ಮುಗಿಯಿತು. ಓದದೆ ಸಹಿ ಹಾಕಬೇಡಿ.

ಕ್ಯಾಜುವಾಲ್ಟಿಯಲ್ಲೇ ನೋಡಿ ಮನೆಗೆ ಕಳಿಸಿದರೆ ಸಾಮಾನ್ಯ ಪಾಲಿಸಿಗಳಲ್ಲಿ ಆಂಬುಲೆನ್ಸ್ ಹಣವೂ ಇಲ್ಲ, ಅಡ್ಮಿಷನ್ ಕ್ಲೇಮ್ ಒಪ್ಪಿಗೆಯಾದರೆ ಮಾತ್ರ ಉಂಟು. ಡಿಸ್ಚಾರ್ಜ್ ಆಗಿ ಮನೆಗೆ ಬರುವ ಗಾಡಿಗೂ ಬಹುತೇಕ ಸಿಗುವುದಿಲ್ಲ.

ಕ್ಯಾಶ್‌ಲೆಸ್ ಆಯಿತು, ಆಸ್ಪತ್ರೆ ಬಿಲ್ಲನ್ನು ಕಂಪನಿಯೇ ಕಟ್ಟಿತು ಎಂದು ಸುಮ್ಮನಿರಬೇಡಿ. ಹೊರಗಿನ ಆಂಬುಲೆನ್ಸ್ ಬಿಲ್ ಆಸ್ಪತ್ರೆಯ ಲೆಕ್ಕದಲ್ಲಿ ಸೇರಿರುವುದಿಲ್ಲ, ಕೈಯಿಂದ ಕೊಟ್ಟ ಹಣ ವಾಪಸು ಪಡೆಯಲು (ರೀಇಂಬರ್ಸ್‌ಮೆಂಟ್) ಪ್ರತ್ಯೇಕವಾಗಿ ಹಾಕಬೇಕು. ಕ್ಲೇಮ್ ಫಾರ್ಮಿನ ಪಾರ್ಟ್ ಎ ಒಳಗೆ ಆಂಬುಲೆನ್ಸ್ ವೆಚ್ಚಕ್ಕೆಂದೇ ಒಂದು ಕಾಲಂ ಇದೆ, ಎಷ್ಟೋ ಜನ ಅದನ್ನು ಖಾಲಿ ಬಿಡುತ್ತಾರೆ. ಮೂಲ ಬಿಲ್, ರೆಫರಲ್ ಪತ್ರ, ಡಿಸ್ಚಾರ್ಜ್ ಸಮ್ಮರಿ, ಕ್ಯಾಶ್‌ಲೆಸ್ ಮಂಜೂರಾತಿ ಪತ್ರ ಲಗತ್ತಿಸಿ. ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ. ಆರೋಗ್ಯ ಸಂಜೀವನಿಯಲ್ಲಿ ಡಿಸ್ಚಾರ್ಜ್ ಆದ 30 ದಿನದೊಳಗೆ ಕೊಡಬೇಕು.

ಹಣ ಕಡಿತವಾದರೆ ಯಾವ ಷರತ್ತಿನಡಿ ಎಂದು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಕಾಣದಿದ್ದರೂ, ವಿಮಾ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ, ವಕೀಲರೂ ಬೇಡ.