ಚೌಬಾರಾ ಹತ್ತಿರದ ಬಿದ್ರಿ ಅಂಗಡಿ: ಅಮೆರಿಕಕ್ಕೂ ಅದೇ ಮಾಲು, ನಮಗೂ ಅದೇ

ಅಕ್ಕನ ಮಗಳು ನ್ಯೂಜೆರ್ಸಿಗೆ ಹೊರಟಿದ್ದಳು. ಅವಳಿಗೆ ಕೊಡೋಕೆ ಒಂದು ಬಿದ್ರಿ ಹೂದಾನಿ, ಅಂದ್ರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ್ದು, ಬೇಕಿತ್ತು. ಹೋದ ವರ್ಷ ಬೇರೆ ಕಡೆ ತಗೊಂಡಿದ್ದರ ಕಪ್ಪು ಆರೇ ತಿಂಗಳಲ್ಲಿ ಸುಲಿದು ಬಂತು, ಬರೀ ಪೇಂಟ್. ಅದಕ್ಕೇ ಈ ಸಲ ಅಳುಕುತ್ತಲೇ ಒಳಗೆ ಹೋದೆ.

ಬೀದರಿನ ಹಳೇ ಕಾವಲು ಗೋಪುರ ಚೌಬಾರಾದಿಂದ ನಡೆದು ಹೋಗುವಷ್ಟೇ ದೂರ. ಮುಂದೆ ಅಂಗಡಿ, ಹಿಂದೆ ಮನೆ. ಚಾಚಾ ಸಣ್ಣ ಉಳಿಯಿಂದ ಬಳ್ಳಿ ಕೆತ್ತುತ್ತಿದ್ದರು, ಪಕ್ಕದಲ್ಲೇ ಚಾಚಿ ಕೂದಲಿನಷ್ಟು ಸಣ್ಣ ಬೆಳ್ಳಿ ತಂತಿಯನ್ನು ಆ ಗೀರಿನೊಳಗೆ ಕೂರಿಸಿ ಮೆಲ್ಲಗೆ ತಟ್ಟುತ್ತಿದ್ದರು. "ಇದು ಪೇಂಟ್ ಅಲ್ಲ ಅಲ್ವಾ ಚಾಚಾ?" ಅಂತ ಕೇಳೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಬಾ ಬೇಟಾ, ನೀನೇ ನೋಡು" ಅಂದರು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಜಾಗದ ಮಣ್ಣು, ಚಿಟಿಕೆ ನಾಲಿಗೆ ಮೇಲಿಟ್ಟು ನೋಡಿಯೇ ನೀರಿಗೆ ಹಾಕಿದರು. ಜೊತೆಗೆ ನವಸಾಗರ ಅನ್ನೋ ಒಂದು ಬಗೆಯ ಉಪ್ಪು. ಕುದಿಯುವ ಆ ನೀರಲ್ಲಿ ಬೂದು ಬಣ್ಣದ ಹೂದಾನಿ ಅದ್ದಿ ತೆಗೆದರೆ ಸತು ಮತ್ತು ತಾಮ್ರದ ಮೈ ಕಾಡಿಗೆ ಕಪ್ಪಾಗಿತ್ತು, ಬೆಳ್ಳಿ ಮಾತ್ರ ಬೆಳ್ಳಗೇ ಇತ್ತು! ಮೇಲೆ ಎಣ್ಣೆ ಸವರಿದರು. ನಾನು ಸುಮ್ನೆ ನೋಡ್ತಾ ನಿಂತುಬಿಟ್ಟೆ.

ಇವರ ಜಾಸ್ತಿ ಮಾಲು ಹೋಗೋದು ಅಮೆರಿಕಕ್ಕೆ. ಮಗ ಅಲ್ಲಿನ ವ್ಯಾಪಾರಿಗಳ ಜೊತೆ ಮಾತಾಡ್ತಾರೆ, ಸೊಸೆ ಬಿಲ್ಲು, ಕಸ್ಟಮ್ಸ್ ಕಾಗದ ಎಲ್ಲ ನೋಡ್ಕೋತಾರೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿ ಶುರುವಾಗಿ, ಮುಂಬೈಯಿಂದ ಹೊರಟ ಹಡಗುಗಳು ಸೂಯೆಜ್ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಅಟ್ಲಾಂಟಿಕ್ ದಾಟಬೇಕಾಯಿತಲ್ಲ, ಆಗ ಇವರ ದುಡ್ಡೂ ಅಷ್ಟೇ ತಡವಾಗಿ ಬಂತಂತೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಮಾಲಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಕಟ್ಟಿಟ್ಟ ಎರಡು ಪೆಟ್ಟಿಗೆ ಇಲ್ಲೇ ಉಳಿದವು. ಅದನ್ನು ಹೇಳುವಾಗ ಸೊಸೆಯ ದನಿ ಸಣ್ಣಗಾಯಿತು. ಆದರೂ ಬೆಳ್ಳಿ ಕಡಿಮೆ ಮಾಡಿಲ್ಲ, ಕೆಲಸದವರನ್ನೂ ಬಿಡಿಸಿಲ್ಲ. ನನಗೆ ಅದು ಬಹಳ ದೊಡ್ಡದು ಅನ್ನಿಸಿತು.

ಆ ಉಳಿದ ಪೆಟ್ಟಿಗೆಯಿಂದಲೇ ನನ್ನ ಹೂದಾನಿ ಆರಿಸಿದೆ. 2,800 ರೂಪಾಯಿ, ಚೌಕಾಸಿ ಇಲ್ಲ. ಹಡಗಿಗೆ ಕಟ್ಟುವ ಹಾಗೇ ಹತ್ತಿ, ಬಟ್ಟೆ, ಹುಲ್ಲು ಹಾಕಿ ಕಟ್ಟಿಕೊಟ್ಟರು. ಹೆಸರು ಕೆತ್ತಿಸಬೇಕಂದ್ರೆ ಮೂರು ವಾರ ಕಾಯಬೇಕು, ಅದೊಂದೇ ತೊಂದರೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಬಾಗಿಲು ಹಾಕಿರ್ತಾರೆ.